ಸಾಹಸ ಬಂಡವಾಳ ಸಂಸ್ಥೆಗಳು ಹೊಸ ಉದ್ಯಮಗಳನ್ನು ಆರಿಸುವ ಕ್ರಮ

ರೈತರ ಮಾಲನ್ನು ನೇರವಾಗಿ ಕೊಳ್ಳುವ, ಹಾಲಿನ ಗುಣವನ್ನು ಯಂತ್ರದಿಂದ ಪರೀಕ್ಷಿಸುವ, ಮಣ್ಣಿನ ತೇವವನ್ನು ದೂರವಾಣಿಯ ಮೂಲಕ ತಿಳಿಸುವ, ಉಳುವ ಯಂತ್ರಗಳನ್ನು ಬಾಡಿಗೆಗೆ ಒದಗಿಸುವ ಹೊಸ ಹೊಸ ಕಂಪನಿಗಳು ಈಚಿನ ವರ್ಷಗಳಲ್ಲಿ ಹಳ್ಳಿಗಳಿಗೂ ಬರುತ್ತಿವೆ. ಇವುಗಳಲ್ಲಿ ಅನೇಕವು ತಮ್ಮ ಸ್ವಂತ ಲಾಭದಿಂದ ನಡೆಯತಕ್ಕವಲ್ಲ. ವೆಂಚರ್ ಕ್ಯಾಪಿಟಲ್ ಎಂದು ಕರೆಯಲ್ಪಡುವ ಸಾಹಸ ಬಂಡವಾಳ ಸಂಸ್ಥೆಗಳು ಕೊಟ್ಟ ಹಣದಿಂದ ನಡೆಯುವಂಥವು. ಇಂಥ ಕಂಪನಿಗೆ ಮಾಲು ಮಾರುವ ಭೂಮಾಲಿಕನೂ, ಓದಿದ ಮಗನೋ ಮಗಳೋ ಇಂಥ ಕಂಪನಿಯನ್ನು ಸ್ಥಾಪಿಸಬೇಕೆಂದಿರುವ ತಂದೆಯೂ, ಊರಿನವರಿಗೆ ಬುದ್ಧಿ ಹೇಳತಕ್ಕ ಮುಖಂಡನೂ, ಆ ಹಣವು ಯಾವ ತತ್ತ್ವದ ಮೇಲೆ ಬರುವುದು, ಯಾವ ಕಾರಣದಿಂದ ನಿಂತುಹೋಗುವುದು ಎಂಬುದನ್ನು ಅರಿತಿರುವುದು ಒಳ್ಳೆಯದು. ಇದನ್ನು ಅರಿಯದೆ ನಡೆಸಿದ ವ್ಯವಹಾರದಲ್ಲಿ ನಷ್ಟವು ಬಹುಮಟ್ಟಿಗೆ ಹಳ್ಳಿಯವರ ಪಾಲಿಗೇ ಬರುವುದು.

1. ಸಾಲಕ್ಕೂ ಸಾಹಸ ಬಂಡವಾಳಕ್ಕೂ ಇರುವ ಭೇದ

ಬ್ಯಾಂಕು ಅಥವಾ ಸಹಕಾರ ಸಂಘವು ಹಣ ಕೊಡುವಾಗ ಪಹಣಿಯನ್ನು ನೋಡುವುದು, ಆಧಾರವನ್ನು ಕೇಳುವುದು, ಬಡ್ಡಿಯನ್ನೂ ಕಂತನ್ನೂ ಗೊತ್ತುಮಾಡುವುದು. ಬೆಳೆ ಎಷ್ಟೇ ಹುಲುಸಾಗಿ ಬಂದರೂ ಬ್ಯಾಂಕಿಗೆ ಸಲ್ಲುವುದು ಗೊತ್ತಾದ ಬಡ್ಡಿ ಮಾತ್ರ. ಆದುದರಿಂದ ಸಾಲಗಾರನು ಕೆಡದಂತಿರುವನೇ ಎಂಬುದೇ ಬ್ಯಾಂಕಿನ ಮುಖ್ಯ ಪ್ರಶ್ನೆ.

ಸಾಹಸ ಬಂಡವಾಳದವರು ಸಾಮಾನ್ಯವಾಗಿ ಆಧಾರವನ್ನು ಕೇಳುವುದಿಲ್ಲ. ಬಡ್ಡಿಯನ್ನು ವಸೂಲು ಮಾಡುವುದಿಲ್ಲ. ಹಣಕ್ಕೆ ಬದಲಾಗಿ ಅವರು ಕಂಪನಿಯಲ್ಲಿ ಪಾಲನ್ನು ತೆಗೆದುಕೊಳ್ಳುವರು. ಕಂಪನಿಯು ಮುಳುಗಿದರೆ ಹಣವೂ ಮುಳುಗಿತು. ಬೆಳೆದರೆ ಪಾಲಿನ ಬೆಲೆಯೂ ಅದರೊಡನೆ ಬೆಳೆಯುವುದು. ನಷ್ಟಕ್ಕೆ ಮಿತಿಯುಂಟು, ಲಾಭಕ್ಕೆ ಮಿತಿಯಿಲ್ಲ. ಆದುದರಿಂದ ಇವರ ಮುಖ್ಯ ಪ್ರಶ್ನೆಯು ಬ್ಯಾಂಕಿನ ಪ್ರಶ್ನೆಗೆ ವಿರುದ್ಧವಾದುದು: ಈ ಉದ್ಯಮವು ಕೈಗೂಡಿದ ಪಕ್ಷದಲ್ಲಿ ಎಷ್ಟು ದೊಡ್ಡದಾಗಬಲ್ಲದು?

2. ಆಯ್ಕೆಯ ಮೂಲತತ್ತ್ವ

ರಾಗಿ ಬಿತ್ತಿದ ರೈತನು ಪ್ರತಿಯೊಂದು ಪೈರೂ ತೆನೆಗಟ್ಟಬೇಕೆಂದು ಬಯಸುವನು. ತಳಿಶಾಸ್ತ್ರಜ್ಞನ ರೀತಿ ಬೇರೆ. 1912ರಲ್ಲಿ ಕೊಯಮತ್ತೂರಿನಲ್ಲಿ ಸ್ಥಾಪಿತವಾದ ಕಬ್ಬಿನ ತಳಿ ಕೇಂದ್ರದಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಎಂಬ ವಿದ್ವಾಂಸರು ಕಬ್ಬನ್ನು ಕಾಡುಹುಲ್ಲಿನ ಜಾತಿಯೊಡನೆ ಸಂಕರಮಾಡಿ, ಹೇರಳವಾಗಿ ಸಸಿಗಳನ್ನು ಬೆಳೆಸಿ, ಅವುಗಳಲ್ಲಿ ಹೆಚ್ಚಿನವನ್ನು ಕಿತ್ತೆಸೆದು, ಕೋ 205 ಎಂಬ ಪ್ರಸಿದ್ಧ ತಳಿಯನ್ನು ಪಡೆದರು. ಎಸೆದ ಸಸಿಗಳಿಗಾಗಿ ತಳಿಗಾರನು ಮರುಗುವುದಿಲ್ಲ. ಉಳಿದ ಒಂದು ಸಸಿಯು ಶ್ರಮವನ್ನೆಲ್ಲ ತೀರಿಸುವುದು. ಸಾಹಸ ಬಂಡವಾಳದವರು ಅನುಸರಿಸುವುದು ಈ ಎರಡನೆಯ ರೀತಿಯನ್ನು.

ಒಂದು ಕಲ್ಪಿತ ಲೆಕ್ಕದಿಂದ ಇದು ಸ್ಪಷ್ಟವಾಗುವುದು. ಒಂದು ಸಂಸ್ಥೆಯು 10 ವರ್ಷದ ಅವಧಿಗೆ 100 ಕೋಟಿ ರೂಪಾಯಿಯ ನಿಧಿಯನ್ನು ಶೇಖರಿಸಿತೆನ್ನೋಣ. ವರ್ಷಕ್ಕೆ ನೂರಕ್ಕೆ 2ರಂತೆ ನಿರ್ವಹಣೆಯ ವೆಚ್ಚ 20 ಕೋಟಿ ಕಳೆದರೆ 80 ಕೋಟಿ ಉಳಿಯುವುದು. ಇದನ್ನು ತಲಾ 4 ಕೋಟಿಯಂತೆ 20 ಕಂಪನಿಗಳಲ್ಲಿ ಹಾಕಿತು. ಅವುಗಳಲ್ಲಿ 10 ಪೂರ್ಣವಾಗಿ ಕೆಟ್ಟವು. 6 ಕೊಟ್ಟಷ್ಟನ್ನೇ ಹಿಂದಿರುಗಿಸಿ 24 ಕೋಟಿ ತಂದವು. 3 ಕಂಪನಿಗಳು ಮೂರರಷ್ಟು ಬೆಳೆದು 36 ಕೋಟಿ ತಂದವು. 19 ಕಂಪನಿಗಳಿಂದ ಬಂದ ಮೊತ್ತ 60 ಕೋಟಿ ಮಾತ್ರ. ನಿಧಿಗೆ ಹಣ ಕೊಟ್ಟವರಾದರೋ 10 ವರ್ಷದ ಕೊನೆಗೆ ಮೂರರಷ್ಟು, ಎಂದರೆ 300 ಕೋಟಿ, ನಿರೀಕ್ಷಿಸುವರು. ಚಕ್ರಬಡ್ಡಿಯ ಲೆಕ್ಕದಲ್ಲಿ ಇದು ವರ್ಷಕ್ಕೆ ನೂರಕ್ಕೆ ಸುಮಾರು 11½ ಆಗುವುದು. ನಿರ್ವಾಹಕರ ಲಾಭದ ಪಾಲನ್ನು ಗಣನೆಗೆ ತಾರದಿದ್ದರೂ, ಉಳಿದ 240 ಕೋಟಿಯನ್ನು ಇಪ್ಪತ್ತನೆಯ ಕಂಪನಿಯೊಂದೇ ತರಬೇಕು.

ಆ ಕಂಪನಿಯಲ್ಲಿ ಸಂಸ್ಥೆಯು ಮೊದಲು ನೂರಕ್ಕೆ 20ರ ಪಾಲನ್ನು ಪಡೆದಿದ್ದು, ಮುಂದೆ ಇತರರು ಹಣ ಹಾಕಿದಂತೆಲ್ಲ ಅದು 12ಕ್ಕೆ ಇಳಿದಿದ್ದರೆ, 240 ಕೋಟಿ ಬರಬೇಕಾದರೆ ಕಂಪನಿಯ ಬೆಲೆ 2,000 ಕೋಟಿ ರೂಪಾಯಿಯಷ್ಟಾಗಬೇಕು. ಇಪ್ಪತ್ತರಲ್ಲಿ ಯಾವುದು ಹಾಗೆ ಬೆಳೆಯುವುದೆಂದು ಮೊದಲೇ ತಿಳಿಯದ ಕಾರಣ, ಪ್ರತಿಯೊಂದು ಕಂಪನಿಯೂ ಹಾಗೆ ಬೆಳೆಯಬಲ್ಲುದಾಗಿರಬೇಕೆಂದು ಸಂಸ್ಥೆಯು ಅಪೇಕ್ಷಿಸುವುದು. ವರ್ಷಕ್ಕೆ ನೂರಕ್ಕೆ 15ರಂತೆ ತಪ್ಪದೆ ಲಾಭ ಕೊಡುವ ಅಕ್ಕಿ ಗಿರಣಿಯನ್ನಾಗಲಿ ಆಲೆಮನೆಯನ್ನಾಗಲಿ ಸಾಹಸ ಬಂಡವಾಳದವರು ನಿರಾಕರಿಸುವುದಕ್ಕೆ ಇದೇ ಕಾರಣ. ಗಿರಣಿಯಲ್ಲಿ ದೋಷವಿದೆಯೆಂದು ಇದರ ಅರ್ಥವಲ್ಲ. ಅದು ಬ್ಯಾಂಕಿನ ಹಣಕ್ಕೆ ಯೋಗ್ಯವಾದ ಉದ್ಯಮ, ಈ ಹಣಕ್ಕೆ ಯೋಗ್ಯವಾದುದಲ್ಲ ಎಂದಷ್ಟೇ ಅರ್ಥ.

3. ಆಯ್ಕೆಯ ಹಂತಗಳು

ನಾಲ್ವರು ಅರ್ಥಶಾಸ್ತ್ರಜ್ಞರು 681 ಸಂಸ್ಥೆಗಳಿಗೆ ಸೇರಿದ 885 ಮಂದಿ ಸಾಹಸ ಬಂಡವಾಳಗಾರರನ್ನು ವಿಚಾರಿಸಿ 2020ರಲ್ಲಿ ಪ್ರಕಟಿಸಿದ ಪರಿಶೀಲನೆಯಂತೆ, ಒಂದು ಕಂಪನಿಗೆ ಹಣ ಕೊಡುವುದಕ್ಕೆ ಮುಂಚೆ ಸಂಸ್ಥೆಯು ಸುಮಾರು 100 ಪ್ರಸ್ತಾಪಗಳನ್ನು ನೋಡುವುದು. ಅಪರಿಚಿತರಾಗಿ ತಾವೇ ಅರ್ಜಿ ಕಳುಹಿಸಿದವರಿಗಿಂತ, ಪರಿಚಿತರ ಮೂಲಕವೂ ಹಿಂದೆ ಹಣ ಪಡೆದವರ ಮೂಲಕವೂ ಬಂದವರೇ ಹೆಚ್ಚಾಗಿ ಆಯ್ಕೆಯಾಗುವರು. ಬಂದ ಪ್ರಸ್ತಾಪಗಳಲ್ಲಿ ಬಹುಪಾಲು ಮೊದಲ ನೋಟಕ್ಕೇ ಬಿದ್ದುಹೋಗುವುವು. ಉಳಿದವರನ್ನು ಕರೆಸಿ ಮಾತನಾಡಿಸುವರು. ಅನಂತರ ಗಿರಾಕಿಗಳನ್ನೂ, ಹಿಂದಿನ ಮೇಲಧಿಕಾರಿಗಳನ್ನೂ, ಜೊತೆಗೆ ಕೆಲಸಮಾಡಿದವರನ್ನೂ ವಿಚಾರಿಸಿ, ಲೆಕ್ಕಪತ್ರಗಳನ್ನು ತಪಾಸಣೆ ಮಾಡುವರು. ಇದಕ್ಕೆ ಸರಾಸರಿ 118 ಗಂಟೆಗಳೂ, ಮೊದಲಿನಿಂದ ಕೊನೆಯವರೆಗೆ ಸರಾಸರಿ 83 ದಿನಗಳೂ ಹಿಡಿಯುವುವೆಂದು ಆ ಪರಿಶೀಲನೆಯಿಂದ ತಿಳಿದುಬಂದಿದೆ. ಕಡೆಯಲ್ಲಿ ಸಂಸ್ಥೆಯ ಪಾಲುದಾರರೆಲ್ಲರೂ ಸೇರಿ ತೀರ್ಮಾನಿಸಿ, ಷರತ್ತುಗಳನ್ನು ಬರೆದು ಕೊಡುವರು.

ಹಣವನ್ನೆಲ್ಲ ಒಂದೇ ಸಲ ಕೊಡುವುದಿಲ್ಲವೆಂಬುದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಒಂದೂವರೆ ಎರಡು ವರ್ಷಕ್ಕೆ ಸಾಲುವಷ್ಟನ್ನು ಕೊಟ್ಟು, ಅಷ್ಟರಲ್ಲಿ ತೋರಿದ ಬೆಳವಣಿಗೆಯನ್ನು ನೋಡಿ ಮುಂದಿನ ಹಣವನ್ನು ತಾವಾಗಲಿ ಬೇರೆಯವರಾಗಲಿ ಕೊಡುವುದು ವಾಡಿಕೆ. ಬೆಳವಣಿಗೆ ತೋರದ ಕಂಪನಿಗೆ ಎರಡನೆಯ ನೀರು ಹಾಯುವುದಿಲ್ಲ.

4. ಪರಿಶೀಲಿಸುವ ಐದು ಅಂಶಗಳು

(ಅ) ಮನುಷ್ಯರು. ಆರಂಭದಲ್ಲಿ ಲೆಕ್ಕಪತ್ರವೆಂಬುದೇ ಇರುವುದಿಲ್ಲವಾದುದರಿಂದ ಮನುಷ್ಯರನ್ನೇ ನೋಡಬೇಕಾಗುವುದು. ಮೇಲೆ ಹೇಳಿದ ಪರಿಶೀಲನೆಯಲ್ಲಿ ನೂರಕ್ಕೆ 47 ಮಂದಿ, ಸ್ಥಾಪಕರ ತಂಡವೇ ಎಲ್ಲಕ್ಕಿಂತ ಮುಖ್ಯವಾದ ಅಂಶವೆಂದು ಹೇಳಿದರು. ತಾವು ಮಾಡಹೊರಟ ಕೆಲಸವನ್ನು ಅವರು ಸ್ವತಃ ಬಲ್ಲರೇ, ಗಿರಾಕಿಯ ಕಷ್ಟವನ್ನು ಕಣ್ಣಾರೆ ಕಂಡಿರುವರೇ, ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಒಪ್ಪುವರೇ, ಮೊದಲ ಉಪಾಯ ಕೆಟ್ಟಾಗ ಕೈಚೆಲ್ಲಿ ಕೂರುವರೇ ಎಂಬುವು ಪರೀಕ್ಷೆಗಳು. ಮನೆಯ ಕೋಣೆಗಳನ್ನು ಪ್ರಯಾಣಿಕರಿಗೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಎಂಬ ಕಂಪನಿಯ ಸ್ಥಾಪಕರು 2008ರಲ್ಲಿ ಹಣವಿಲ್ಲದೆ, ಅಮೆರಿಕದ ಚುನಾವಣೆಯ ಸಮಯದಲ್ಲಿ ಅಭ್ಯರ್ಥಿಗಳ ಹೆಸರಿನ ಉಪಾಹಾರದ ಪೆಟ್ಟಿಗೆಗಳನ್ನು ಮಾರಿ ಕಂಪನಿಯನ್ನು ಉಳಿಸಿಕೊಂಡರು. ಅವರ ಉಪಾಯದಲ್ಲಿ ಸಂದೇಹವಿದ್ದರೂ ಈ ಛಲವನ್ನು ಮೆಚ್ಚಿ ವೈ ಕಾಂಬಿನೇಟರ್ ಸಂಸ್ಥೆಯು 2009ರಲ್ಲಿ 20,000 ಡಾಲರನ್ನು ಕೊಟ್ಟಿತು. 2020ರಲ್ಲಿ ಕಂಪನಿಯ ಷೇರುಗಳು ಪೇಟೆಗೆ ಬಂದುವು.

(ಆ) ಮಾರುಕಟ್ಟೆಯ ವಿಸ್ತಾರ. ದಾಳಿಂಬೆ ತೋಟಗಳಿಗೆ ಮಣ್ಣಿನ ತೇವ ತಿಳಿಸುವ ಯಂತ್ರವೊಂದನ್ನು ಒಬ್ಬನು ರಚಿಸಿ, ವರ್ಷಕ್ಕೆ 3,000 ರೂಪಾಯಿ ಬಾಡಿಗೆ ಕೇಳುವನೆನ್ನೋಣ. ಅಂಥ ತೋಟಗಾರರು 1 ಲಕ್ಷ ಮಂದಿ ಇದ್ದರೆ ಮಾರುಕಟ್ಟೆಯೆಲ್ಲ ಸೇರಿ ವರ್ಷಕ್ಕೆ 30 ಕೋಟಿ. ಐದರಲ್ಲೊಬ್ಬರು ಕೊಂಡರೆ 6 ಕೋಟಿ. ಯಂತ್ರವು ಎಷ್ಟೇ ಉತ್ತಮವಾಗಿದ್ದರೂ ಈ ಕಂಪನಿಯು 2,000 ಕೋಟಿಯ ಬೆಲೆಗೆ ಏರಲಾರದು. ಆ ಯಂತ್ರವು ಇತರ ಬೆಳೆಗಳಿಗೂ ಇತರ ದೇಶಗಳಿಗೂ ಹೇಗೆ ಹರಡುವುದೆಂದು ತೋರಿಸಿದ ಹೊರತು ಹಣ ದೊರೆಯದು.

(ಇ) ಕಾಲ. ಈ ಕೆಲಸವು ಹಿಂದೆಯೇ ಏಕೆ ಆಗಲಿಲ್ಲ, ಈಗೇಕೆ ಆಗುವುದು ಎಂಬ ಪ್ರಶ್ನೆಗೆ ಉತ್ತರವಿರಬೇಕು. ದೂರವಾಣಿಯಲ್ಲಿ ರೈತನಿಂದ ಮಾಲು ಕೊಂಡು ಕೂಡಲೇ ಹಣ ಸಲ್ಲಿಸುವ ವ್ಯಾಪಾರವನ್ನು 2006ರಲ್ಲಿ ಆರಂಭಿಸಿದ್ದರೆ ನಡೆಯುತ್ತಿರಲಿಲ್ಲ. 2016ರಲ್ಲಿ ಯುಪಿಐ ಪಾವತಿ ಪದ್ಧತಿ ಬಂದು, ಅದೇ ವರ್ಷದಿಂದ ಅಂತರಜಾಲದ ದರವು ಬಹಳ ಇಳಿದ ಮೇಲೆ ಅದು ಸಾಧ್ಯವಾಯಿತು.

(ಈ) ರುಜುವಾತು. ಗಿರಾಕಿಯು ಎರಡನೆಯ ಸಲ ತಾನಾಗಿ ಬಂದನೇ ಎಂಬುದೇ ಉತ್ತಮವಾದ ರುಜುವಾತು. ಇದರೊಡನೆ ಒಂದೊಂದು ವ್ಯವಹಾರದ ಲೆಕ್ಕವನ್ನೂ ನೋಡುವರು. ಒಂದು ಪೆಟ್ಟಿಗೆ ಟೊಮೇಟೊವಿಗೆ ರೈತನಿಗೆ 300 ರೂಪಾಯಿ ಕೊಟ್ಟು, ಸಾಗಣೆ, ವಿಂಗಡಣೆ, ಕೊಳೆತ ಇವುಗಳಿಗೆ 120 ರೂಪಾಯಿ ತಗುಲಿ, 400 ರೂಪಾಯಿಗೆ ಮಾರಿದರೆ ಪೆಟ್ಟಿಗೆಗೆ 20 ರೂಪಾಯಿ ನಷ್ಟ. ವ್ಯಾಪಾರ ಹತ್ತರಷ್ಟಾದರೆ ನಷ್ಟವೂ ಹತ್ತರಷ್ಟಾಗುವುದು. ಲಾರಿಗಳು ತುಂಬಿ ಹೋಗುವುದರಿಂದ ಸಾಗಣೆಯ ಖರ್ಚು ಇಳಿದೇ ಇಳಿಯುವುದೆಂದು ಅಂಕಿಗಳಿಂದ ತೋರಿಸಿದರೆ ಮಾತ್ರ ಆ ನಷ್ಟವನ್ನು ತಾತ್ಕಾಲಿಕವೆಂದು ಒಪ್ಪುವರು.

(ಉ) ಬೆಲೆ, ಷರತ್ತು ಮತ್ತು ಬಿಡುಗಡೆ. ಒಳ್ಳೆಯ ಕಂಪನಿಯಾದರೂ ಅತಿ ಹೆಚ್ಚಿನ ಬೆಲೆಗೆ ಪಾಲು ಕೊಂಡರೆ ಲಾಭವಿಲ್ಲ. ಮುಂದೆ ಷೇರುಪೇಟೆಯಲ್ಲಾಗಲಿ ದೊಡ್ಡ ಕಂಪನಿಗಾಗಲಿ ಪಾಲನ್ನು ಮಾರಲು ದಾರಿಯಿರಬೇಕು. ಷರತ್ತುಗಳಲ್ಲಿ ಒಂದು ಮುಖ್ಯವಾದುದು: ಕಂಪನಿಯನ್ನು ಮಾರಿದಾಗ ಬಂಡವಾಳದವರು ತಮ್ಮ ಅಸಲನ್ನು ಮೊದಲು ತೆಗೆದುಕೊಳ್ಳುವರು. 4 ಕೋಟಿ ಹಾಕಿದ ಕಂಪನಿಯು 6 ಕೋಟಿಗೆ ಮಾರಾಟವಾದರೆ, ಅವರ ಪಾಲು ನೂರಕ್ಕೆ 20 ಆಗಿದ್ದರೂ 4 ಕೋಟಿ ಅವರಿಗೇ ಹೋಗಿ, 2 ಕೋಟಿ ಮಾತ್ರ ಸ್ಥಾಪಕರಿಗೂ ಇತರರಿಗೂ ಉಳಿಯುವುದು.

5. ಎರಡು ನಿದರ್ಶನಗಳು

ಈ ಪದ್ಧತಿಯ ಮೊದಲ ದೊಡ್ಡ ನಿದರ್ಶನವು ಅಮೆರಿಕದ ಬಾಸ್ಟನ್ ನಗರದ್ದು. 1946ರಲ್ಲಿ ಜಾರ್ಜ್ ಡೋರಿಯೋ ಮೊದಲಾದವರು ಅಲ್ಲಿ ಅಮೆರಿಕನ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಉತ್ತಮ ಉಪಾಯವಿರುವ ಸಾಧಾರಣ ಮನುಷ್ಯನಿಗಿಂತ ಸಾಧಾರಣ ಉಪಾಯವಿರುವ ಉತ್ತಮ ಮನುಷ್ಯನೇ ಮೇಲೆಂಬುದು ಡೋರಿಯೋ ಅವರ ಮತ. 1957ರಲ್ಲಿ ಕೆನ್ ಓಲ್ಸನ್ ಮತ್ತು ಹಾರ್ಲನ್ ಆಂಡರ್ಸನ್ ಎಂಬ ಇಬ್ಬರು ಎಂಜಿನಿಯರುಗಳು ಗಣಕಯಂತ್ರದ ಕಂಪನಿಗಾಗಿ ಹಣ ಕೇಳಿ ಬಂದರು. ವ್ಯಾಪಾರದ ಅನುಭವ ಅವರಿಗೆ ಇರಲಿಲ್ಲ. ಆದರೆ ತಾವು ಮಾಡುವೆವೆಂದ ಬಗೆಯ ಯಂತ್ರವನ್ನು ಅವರು ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಆಗಲೇ ಕೈಯಾರೆ ಕಟ್ಟಿ ನಡೆಸಿದ್ದರು. ಗಣಕಯಂತ್ರಗಳಿಂದ ಲಾಭ ಪಡೆಯುವುದು ಕಷ್ಟವೆಂಬ ಭಾವನೆ ಆ ಕಾಲದಲ್ಲಿದ್ದುದರಿಂದ, ಕಂಪನಿಯ ಹೆಸರಿನಿಂದ ಆ ಪದವನ್ನು ತೆಗೆದು ಡಿಜಿಟಲ್ ಈಕ್ವಿಪ್‌ಮೆಂಟ್ ಎಂದಿಟ್ಟು, ಮೊದಲು ಯಂತ್ರದ ಬಿಡಿಭಾಗಗಳನ್ನು ಮಾರುವುದೆಂದು ಗೊತ್ತಾಯಿತು. ಸಂಸ್ಥೆಯು 70,000 ಡಾಲರನ್ನು ಹಾಕಿ ನೂರಕ್ಕೆ 70ರಷ್ಟು ಪಾಲನ್ನು ಪಡೆಯಿತು. ಮೇನಾರ್ಡ್ ಎಂಬ ಊರಿನ ಹಳೆಯ ಉಣ್ಣೆಯ ಗಿರಣಿಯ ಒಂದು ಭಾಗದಲ್ಲಿ ಕೆಲಸ ಆರಂಭವಾಗಿ, ಮೊದಲ ವರ್ಷದಲ್ಲಿಯೇ ಲಾಭ ಬಂದಿತು. ಗಣಕಯಂತ್ರವು ಆಮೇಲೆ ಬಂದಿತು. 1972ರಲ್ಲಿ ಬಾಸ್ಟನ್ ಸಂಸ್ಥೆಯು ಬೇರೊಂದು ಕಂಪನಿಯಲ್ಲಿ ಸೇರಿಹೋಗುವ ವೇಳೆಗೆ ಆ ಪಾಲು 35 ಕೋಟಿ ಡಾಲರಿಗೂ ಮಿಕ್ಕಿ ಬೆಳೆದಿತ್ತು. ಸಂಸ್ಥೆಯು 26 ವರ್ಷಗಳಲ್ಲಿ ಗಳಿಸಿದ ಲಾಭದಲ್ಲಿ ಹೆಚ್ಚುಕಡಮೆ ಅರ್ಧವು ಈ ಒಂದೇ ಆಯ್ಕೆಯಿಂದ ಬಂದುದು.

ಎರಡನೆಯದು ಬೆಂಗಳೂರಿನದು. 1978ರಲ್ಲಿ ಕಿರಣ್ ಮಜುಂದಾರ್ ಅವರು 10,000 ರೂಪಾಯಿ ಮೂಲಧನದಿಂದ ಬಯೋಕಾನ್ ಕಂಪನಿಯನ್ನು ಆರಂಭಿಸಿ, ಪರಂಗಿಯ ಹಾಲಿನಿಂದ ಪಪೇನ್ ಎಂಬ ಕಿಣ್ವವನ್ನು ತೆಗೆದು ರಫ್ತುಮಾಡತೊಡಗಿದರು. ಸ್ಥಾಪಕಿಯು 25 ವರ್ಷದ ಹೆಂಗಸು, ಉದ್ಯಮವು ಹೊಸದು, ಆಧಾರವಿಲ್ಲ ಎಂದು ಬ್ಯಾಂಕುಗಳು ಹಿಂಜರಿದುವು. ಬ್ಯಾಂಕಿನ ಪ್ರಶ್ನೆಗೆ ಅದು ಸರಿಯಾದ ಉತ್ತರವೇ ಆಗಿದ್ದಿರಬಹುದು. 1980ರ ದಶಕದ ಕೊನೆಯಲ್ಲಿ ಐಸಿಐಸಿಐ ಸಂಸ್ಥೆಯ ಮುಖ್ಯಸ್ಥರಾಗಿದ್ದ ನಾರಾಯಣನ್ ವಾಘುಲ್ ಅವರ ಬೆಂಬಲದಿಂದ ಸಾಹಸ ಬಂಡವಾಳವು ದೊರೆತು, ಹೊಸ ಹುದುಗುವಿಕೆಯ ಕ್ರಮಕ್ಕೆ ಕಾರ್ಖಾನೆ ಏರ್ಪಟ್ಟಿತು. 2004ರಲ್ಲಿ ಷೇರುಗಳು ಪೇಟೆಗೆ ಬಂದಾಗ ಕಂಪನಿಯ ಬೆಲೆ 100 ಕೋಟಿ ಡಾಲರನ್ನು ಮುಟ್ಟಿತು.

6. ಆಯ್ಕೆಯು ಕೆಟ್ಟ ನಿದರ್ಶನ

ಹಣ ಹೆಚ್ಚಿದ್ದ ಮಾತ್ರಕ್ಕೆ ಉದ್ಯಮವು ನಿಲ್ಲುವುದಿಲ್ಲ. ನ್ಯೂಯಾರ್ಕಿನಲ್ಲಿ 2015ರಲ್ಲಿ ಆರಂಭವಾದ ಬೌರಿ ಫಾರ್ಮಿಂಗ್ ಎಂಬ ಕಂಪನಿಯು ಕಟ್ಟಡಗಳೊಳಗೆ ವಿದ್ಯುದ್ದೀಪದ ಬೆಳಕಿನಲ್ಲಿ ಸೊಪ್ಪು ಬೆಳೆದು ಮಾರುತ್ತಿದ್ದಿತು. ಅದಕ್ಕೆ ಬಂದ ಬಂಡವಾಳ 60 ಕೋಟಿ ಡಾಲರಿಗಿಂತ ಅಧಿಕ. ಬೆಳೆಯು ಚೆನ್ನಾಗಿಯೇ ಬಂದಿತು. ಆದರೆ ಇಂಥ ಬೇಸಾಯದಲ್ಲಿ ವಿದ್ಯುತ್ತಿನ ಮತ್ತು ಕಟ್ಟಡದ ವೆಚ್ಚ ಬಹಳ. ಸೊಪ್ಪಾದರೋ ಅಗ್ಗದ ಮಾಲು. ಬಿಸಿಲನ್ನು ಬಿಟ್ಟಿಯಾಗಿ ಪಡೆಯುವ ಬಯಲಿನ ರೈತನೊಡನೆ ಸ್ಪರ್ಧೆ. ಹೊಸ ಹಣ ಬರುವುದು ನಿಂತಾಗ, 2024ರ ನವೆಂಬರಿನಲ್ಲಿ ಕಂಪನಿಯು ಬಾಗಿಲು ಹಾಕಿತು. ಬೇಸಾಯದ ಉದ್ಯಮದಲ್ಲಿ ಎಕರೆಯ ಲೆಕ್ಕ ಕೂಡದಿದ್ದರೆ ಕಂಪನಿಯ ಲೆಕ್ಕವೂ ಕೂಡಲಾರದು.

7. ಭೂಮಾಲಿಕರೂ ಗ್ರಾಮದ ಮುಖಂಡರೂ ಗಮನಿಸತಕ್ಕ ವಿಷಯಗಳು

ಮೇಲಿನ ಸಂಗತಿಗಳಿಂದ ವ್ಯಕ್ತಪಡುವುದೇನೆಂದರೆ, ಸಾಹಸ ಬಂಡವಾಳದವರು ಇಪ್ಪತ್ತರಲ್ಲಿ ಹತ್ತು ಕೆಡುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುವರು. ಕೆಡತಕ್ಕ ಹತ್ತರಲ್ಲಿ ಒಂದು ತನ್ನ ಊರಿಗೆ ಬಂದ ಕಂಪನಿಯೇ ಆಗಿದ್ದರೆ, ಅದರ ಬಾಕಿಯನ್ನು ತುಂಬಿಕೊಡುವ ಇಪ್ಪತ್ತನೆಯ ಕಂಪನಿಯು ರೈತನಿಗೆ ಇಲ್ಲ. ಆದುದರಿಂದ ಈ ಕೆಳಗಿನಂತೆ ನಡೆದುಕೊಳ್ಳುವುದು ಕ್ಷೇಮ.

(1) ಹೊಸ ಕಂಪನಿಯು ಮಂಡಿಗಿಂತ ಹೆಚ್ಚು ಬೆಲೆ ಕೊಟ್ಟರೆ ಮಾರಬಾರದೆಂದಿಲ್ಲ. ಆದರೆ ಆ ಹೆಚ್ಚಿನ ಬೆಲೆಯು ವ್ಯಾಪಾರದ ಲಾಭದಿಂದ ಬಂದುದೋ ಬಂಡವಾಳದಿಂದ ಬಂದುದೋ ಎಂಬುದನ್ನು ಯೋಚಿಸತಕ್ಕದ್ದು. ಬಂಡವಾಳದಿಂದ ಬಂದ ಬೆಲೆ ಬಂಡವಾಳದೊಡನೆಯೇ ಹೋಗುವುದು.

(2) ಮಾಲಿನ ಹಣವನ್ನು ಕೂಡಲೇ ಅಥವಾ ಕೆಲವೇ ದಿನಗಳಲ್ಲಿ ಪಡೆಯತಕ್ಕದ್ದು. ತಿಂಗಳುಗಟ್ಟಲೆ ಬಾಕಿ ಬಿಡುವ ರೈತನು ಬಡ್ಡಿಯೂ ಪಾಲೂ ಇಲ್ಲದೆ ಆ ಕಂಪನಿಗೆ ಸಾಲ ಕೊಟ್ಟಂತಾಗುವುದು.

(3) ಹಳೆಯ ಗಿರಾಕಿಗಳನ್ನೂ ಸಹಕಾರ ಸಂಘವನ್ನೂ ಪೂರ್ಣವಾಗಿ ಬಿಡಬಾರದು. ಕಂಪನಿಯ ಮಾತಿನ ಮೇಲೆಯೇ ಸಾಲಮಾಡಿ ಯಂತ್ರ ಕೊಳ್ಳುವುದಾಗಲಿ, ಬಹುವಾರ್ಷಿಕ ಬೆಳೆಯನ್ನು ಕಿತ್ತು ಬೇರೆ ಬೆಳೆ ಹಾಕುವುದಾಗಲಿ ಕೂಡದು. ಬರಹದ ಒಪ್ಪಂದವನ್ನು ಕೇಳಿ ಪಡೆಯತಕ್ಕದ್ದು.

(4) ಸಾಹಸ ಬಂಡವಾಳದ ನಿಧಿಗಳು ಸೆಬಿಯ 2012ರ ನಿಯಮಗಳ ಪ್ರಕಾರ ನೋಂದಣಿಯಾಗಿರಬೇಕು. ಅವುಗಳಿಗೆ ಒಬ್ಬನು ಹಾಕತಕ್ಕ ಹಣವು ಸಾಮಾನ್ಯವಾಗಿ 1 ಕೋಟಿ ರೂಪಾಯಿಗೆ ಕಡಮೆಯಿರಕೂಡದು. ಖಾಸಗಿ ಕಂಪನಿಯು ಸಾರ್ವಜನಿಕರಿಂದ ಷೇರುಹಣವನ್ನು ಕರೆಯುವಂತಿಲ್ಲ. ಆದುದರಿಂದ ಇಂಥ ನಿಧಿಯ ಹೆಸರಿನಲ್ಲಿ ಹಳ್ಳಿಗೆ ಬಂದು ತಲಾ ಹತ್ತು ಇಪ್ಪತ್ತು ಸಾವಿರ ರೂಪಾಯಿ ವಸೂಲು ಮಾಡುವವರನ್ನು ನಂಬತಕ್ಕದ್ದಲ್ಲ. ಮುಖಂಡರು ಈ ವಿಷಯವನ್ನು ಊರಿನವರಿಗೆ ತಿಳಿಯಹೇಳುವುದು ಅವಶ್ಯಕ.

(5) ಮಕ್ಕಳು ಹೊಸ ಉದ್ಯಮ ಆರಂಭಿಸುವುದಾದರೆ, ಅದು 2,000 ಕೋಟಿಗೆ ಬೆಳೆಯತಕ್ಕ ಬಗೆಯದೋ, ಊರಿಗೆ ಸ್ಥಿರವಾದ ಆದಾಯ ತರತಕ್ಕ ಬಗೆಯದೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳತಕ್ಕದ್ದು. ಎರಡನೆಯದಾದರೆ ಬ್ಯಾಂಕಿನ ಸಾಲ, ಸಹಕಾರ ಸಂಘ, ರೈತ ಉತ್ಪಾದಕರ ಕಂಪನಿ ಇವೇ ಯೋಗ್ಯವಾದ ದಾರಿಗಳು. ಮೊದಲನೆಯದಾದರೆ ಬೇಸಾಯದ ಉದ್ಯಮಗಳಿಗೆಂದೇ ಮೀಸಲಾದ ನಿಧಿಗಳುಂಟು. ನಬಾರ್ಡಿನ ಅಂಗಸಂಸ್ಥೆಯು ನಡೆಸುವ 750 ಕೋಟಿ ರೂಪಾಯಿಯ ಅಗ್ರಿಶೂರ್ ನಿಧಿಯು 2024ರಲ್ಲಿ ಆರಂಭವಾಯಿತು. ಹಣ ಕೇಳುವುದಕ್ಕೆ ಮೊದಲು ಹತ್ತು ಮಂದಿ ಗಿರಾಕಿಗಳನ್ನಾದರೂ ಸಂಪಾದಿಸಿಕೊಳ್ಳುವುದು ಮೇಲು.

(6) ಯಾವ ಕಾರಣಕ್ಕೂ ಇಂಥ ಉದ್ಯಮಕ್ಕಾಗಿ ಪಿತ್ರಾರ್ಜಿತ ಜಮೀನನ್ನು ಆಧಾರ ಮಾಡತಕ್ಕದ್ದಲ್ಲ. ಇಪ್ಪತ್ತು ಕಡೆ ಹಣ ಹಾಕಿದವನು ಹತ್ತು ಕಡೆ ಕಳೆದುಕೊಂಡು ಉಳಿಯಬಲ್ಲನು. ಒಂದೇ ಹೊಲವಿರುವವನು ಒಂದೇ ಉದ್ಯಮಕ್ಕೆ ಅದನ್ನು ಒಡ್ಡಿದರೆ ಉಳಿಯಲಾರನು.

ಮನುಷ್ಯನನ್ನು ಅವನು ಹಿಂದೆ ಮಾಡಿದ ಕೆಲಸದಿಂದ ಅಳೆಯುವುದು, ಗಿರಾಕಿಯನ್ನೇ ವಿಚಾರಿಸುವುದು, ಒಂದೊಂದು ಪೆಟ್ಟಿಗೆಯ ಲೆಕ್ಕ ನೋಡುವುದು, ಹಣವನ್ನು ಹಂತಹಂತವಾಗಿ ಕೊಡುವುದು ಎಂಬ ನಾಲ್ಕು ಅಭ್ಯಾಸಗಳು ಸಾಹಸ ಬಂಡವಾಳದವರಿಂದ ರೈತನೂ ಕಲಿಯತಕ್ಕವು. ಅವರಂತೆ ನಷ್ಟಕ್ಕೆ ಧೈರ್ಯಪಡುವುದು ಮಾತ್ರ, ಅವರಷ್ಟು ಕಡೆ ಬಿತ್ತಲು ಹೊಲವಿಲ್ಲದವನಿಗೆ ತಕ್ಕದ್ದಲ್ಲ.